ಊರಿನ ಹೆಸರು ಹೇಳ್ರಿ

ಬೈಲಹೊಂಗಲದ ಕಾಲೇಜಿನ ಹಾಲಿನ್ಯಾಗ ಕಾಲಿಡಲಿಕ್ಕೂ ಜಾಗ ಇರಲಿಲ್ಲ. ಪ್ರವಾಸ ಮತ್ತು ಸಂಸ್ಕೃತಿ ಅಂತ ರಸಪ್ರಶ್ನೆ. ಕಿತ್ತೂರಿನವರು, ಸವದತ್ತಿಯವರು ಮಧ್ಯಾಹ್ನನ ಸೋತು ಹಿಂದಿನ ಬೆಂಚು ಹಿಡಿದಿದ್ರು. ವೇದಿಕಿ ಮ್ಯಾಲ ಉಳಿದವರು ಇಬ್ಬರ, ಊರಿನ ಹುಡುಗ ದುಂಡಪ್ಪ ಮತ್ತ ರಾಮದುರ್ಗದ ಕಾಲೇಜಿನ ಶಾಂತಾ. ಇಬ್ಬರದೂ ಸರಿಸಮ ಅಂಕ.

ಶಾಂತಾನ ಕಣ್ಣು ಮಾತ್ರ ಮುಂದಿನ ಸಾಲಿನ ಮ್ಯಾಲಿತ್ತು. ಅಲ್ಲಿ ಆಕಿ ಮಾವ ವೆಂಕಣ್ಣ, ಅತ್ತಿ ಸುಂದರಾಬಾಯಿ ಕೂತಿದ್ರು. ಲಗ್ನಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೊಸಿ ದಿನಾ ಕಾಲೇಜಿಗೆ ಹೋಗೋದು ವೆಂಕಣ್ಣಗ ಒಂಚೂರೂ ಸೇರತಿರಲಿಲ್ಲ. ಹೆಂಡತಿ ಬೆನ್ನುಬಿದ್ದು ಕೇಳಿದ ಮ್ಯಾಲ ಒಂದು ಮಾತು ಕೊಟ್ಟಿದ್ದ: "ಈ ರಸಪ್ರಶ್ನೆ ಗೆದ್ರ ಬಿ.ಎ. ಮುಗಸ್ಲಿ. ಸೋತ್ರ ಪುಸ್ತಕ ಅಟ್ಟಕ್ಕ ಹಾಕಿ ಮನಿ ನೋಡ್ಕೊಳ್ಳಲಿ." ಸೋಲೋದನ್ನ ಕಣ್ಣಾರೆ ನೋಡ್ಲಿಕ್ಕೇ ಬಸ್ಸು ಹತ್ತಿ ಬಂದಿದ್ದ, ಪುಣ್ಯಾತ್ಮ.

ರಸಪ್ರಶ್ನೆ ನಡೆಸೋ ಗಂಗಯ್ಯ ಸರ್ ಕೊನೀ ಪ್ರಶ್ನೆ ತೆಗೆದ್ರು. "ಇದು ಶಾಂತಾಬಾಯಿ ಅವರಿಗೆ. ತಪ್ಪಿದ್ರ ದುಂಡಪ್ಪಗ ಹೋಗ್ತದ. ನಾಸಿಕದ ಹತ್ರ, ಗೋದಾವರಿ ಹುಟ್ಟೋ ಬೆಟ್ಟದ ಬುಡಕ್ಕ ಒಂದು ಜ್ಯೋತಿರ್ಲಿಂಗದ ಕ್ಷೇತ್ರ ಅದ. ಯಾವ ಊರು?"

ಶಾಂತಾ ಮಾವನ ಕಡೆ ನೋಡಿದ್ಲು. ಉತ್ತರ ಗೊತ್ತಿಲ್ಲಂತಲ್ಲ, ಚೊಲೋತ್ನಾಗಿ ಗೊತ್ತಿತ್ತು. ಅತ್ತಿ-ಮಾವ ಆ ಊರಿಗೆ ಹೋಗಿ ಹರಕಿ ಹೊತ್ತು ಬಂದ ಮ್ಯಾಲ ಹುಟ್ಟಿದ ಮಗನಿಗೆ ಅದ ಹೆಸರು ಇಟ್ಟಿದ್ರು. ತ್ರ್ಯಂಬಕ. ಆಕಿ ಗಂಡ.

ಗಂಡನ ಹೆಸರು ಬಾಯಾಗ ತರಬಾರದು. ತಂದ್ರ ಆತನ ಆಯುಷ್ಯ ಕಡಿಮಿ ಆಗ್ತದಂತ. ಯಾವ ಮಹಾರಾಯ ಎಣಿಸಿ ನೋಡಿದ್ನೋ ಏನೋ. ಲಗ್ನದ ದಿನ ಮಂದಿ ಕಾಡಿದಾಗ ಒಡಪು ಕಟ್ಟಿ, ಪದದ ನಡುವ ಮುಚ್ಚಿಟ್ಟು ಹೇಳಿದ್ದ ಕಡೀಕ. ಈಗ ಇಷ್ಟು ಮಂದಿ ಮುಂದ, ಮಾವನ ಎದುರಿಗೆ, ಬರೇ ಹೆಸರು ಹೆಂಗ ಹೇಳೋದು?

ಶಾಂತಾ ಒಡಪಿನಂಗ ಹೇಳಿದ್ಲು. "ಮುಕ್ಕಣ್ಣನ ಊರ್ರಿ, ಸರ್."

ದುಂಡಪ್ಪನ ಗೆಳೆಯರು ನಕ್ಕರು. "ಮುಕ್ಕಣ್ಣ ಊರಿಗೊಬ್ಬ ಇದ್ದಾನ್ರಿ," ಅಂದ್ರು ಗಂಗಯ್ಯ ಸರ್. "ಊರಿನ ಹೆಸರು ಹೇಳ್ರಿ." ಅವರ ಕೈ ಹೊತ್ತು ಮುಗಿದಾಗ ಹೊಡಿಯೋ ಗಂಟಿ ಮ್ಯಾಲ ಹೋತು.

ವೆಂಕಣ್ಣಗ ಎಲ್ಲಾ ತಿಳಿದಿತ್ತು. ಆತ ಸೊಸಿನ್ನ ದಿಟ್ಟಿಸಿ ನೋಡಿ, ಬ್ಯಾಡ ಅಂತ ಸಣ್ಣಗ ತಲಿ ಅಲ್ಲಾಡಿಸಿದ. ಹೇಳದಿದ್ರ ಮನಿ ಮರ್ಯಾದಿನೂ ಉಳೀತು, ಪುಸ್ತಕನೂ ಅಟ್ಟ ಹತ್ತಿದ್ವು. ಎರಡೂ ಆತಗ ಬೇಕಾದದ್ದ. ಅದನ್ನ ಕಂಡದ್ದ ತಡ, ಶಾಂತಾನ ಅಂಜಿಕಿ ಹೋಗಿ ಸಿಟ್ಟು ಬಂತು, ಮೈಯೆಲ್ಲಾ ಉರಿಯೋವಂಥಾ ಸಿಟ್ಟು. ದುಂಡಪ್ಪ ಆಗಲೇ ಕುರ್ಚಿ ತುದೀಗೆ ಸರಿದಿದ್ದ. ಗಂಗಯ್ಯ ಸರ್ ಗಂಟಿ ಎತ್ತಿದ್ರು.

"ತ್ರ್ಯಂಬಕ," ಅಂದ್ಲು. ದನಿ ಹಿಂದಿನ ಬೆಂಚಿನ ತನಕ ಕೇಳಿತು.

ಚಪ್ಪಾಳಿ ಬಿತ್ತು. ಗೆದ್ದ ಬಹುಮಾನದ ಢಾಲು ಹಿಡಕೊಂಡು ಅಂಗಳಕ್ಕ ಇಳಿದು ಬಂದಾಗ ವೆಂಕಣ್ಣ ಕಾಯಲಿಕ್ಕೆ ಹತ್ತಿದ್ದ.

"ನನ್ನ ಮಗನ ಹೆಸರು ಸಂತ್ಯಾಗ ಕೂಗಿದಂಗ ಕೂಗಿದಿ. ಇದನ್ನ ಗೆಲುವು ಅಂತಾರೇನು? ನಾಳಿಂದ ಕಾಲೇಜು ಬಂದ್."

ಶಾಂತಾನ ಕಣ್ಣಾಗ ನೀರು ತುಂಬಿದ್ವು. ಹೆಸರು ಹೇಳಿದ್ದಕ್ಕಲ್ಲ. ಹೇಳಿನೂ ಸೋತೆನಲ್ಲಾ ಅಂತ ಸಂಕಟ.

ಸುಂದರಾಬಾಯಿ ಸೆರಗು ಹೊದ್ದುಕೊಂಡು ಗಂಡನ ಮುಂದ ಬಂದು ನಿಂತ್ಲು. ಇಷ್ಟು ವರ್ಷದ ಸಂಸಾರದಾಗ ಗಂಡಗ ಬರೇ "ಇವರ" ಅಂದಾಕಿ, "ಕೇಳಿಸ್ತೇನ್ರಿ" ಅಂದಾಕಿ. ಸುತ್ತ ಮಂದಿ ಇದ್ರು, ಗಂಗಯ್ಯ ಸರ್‌ನೂ ಇದ್ರು.

"ವೆಂಕಣ್ಣ," ಅಂದ್ಲು ಆಕಿ, ಒಂದೊಂದ ಅಕ್ಷರ ತಡೆದು. "ವೆಂಕಣ್ಣ ಅಂದ್ರ ಕೊಟ್ಟ ಮಾತಿಗೆ ತಪ್ಪೋರಲ್ಲ ಅಂತ ಸೊಸೀಗೆ ಹೇಳಿ ಕರಕೊಂಡು ಬಂದೀನಿ."

ಯಾರೂ ನಗಲಿಲ್ಲ. ವೆಂಕಣ್ಣನ ಮಾರಿ ಸಣ್ಣದಾತು. ಆತ ಹೆಂಡತೀನ್ನ ನೋಡಿದ, ಸೊಸೀನ್ನ ನೋಡಿದ, ಧೋತ್ರದ ಚುಂಗು ಹಿಡಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊಂಟ. ತುಸು ದೂರ ಹೋಗಿ ನಿಂತು, ಹಿಂದ ತಿರುಗದ ಹೇಳಿದ.

"ಲಗೂ ನಡೀರಿ. ನಾಳಿ ಆಕೀಗೆ ಕಾಲೇಜು ಅದ."