ಗಿಡ್ಡ ಪಟ್ಟಿ

"ಇದಕ್ಕೆ ಕಾರ್ಡ್ ಹಾಕಕ್ಕಾಗಲ್ಲ ಅಂತ ಯಾರು ಮೇಡಂ ಹೇಳಿದ್ದು?"

ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ಧೂಳನ್ನು ಬ್ರಶ್ಶಿನಿಂದ ಕೊಡವುತ್ತ ಮಹೇಂದ್ರ ಕೇಳಿದ. ನಜರ್‌ಬಾದಿನಲ್ಲಿ ಅವನದೊಂದು ರಿಪೇರಿ ಅಂಗಡಿ. ಒಂಟಿಕೊಪ್ಪಲಿನ ಈ ಮನೆಗೆ ಅವನು ಬಂದದ್ದು ಇದೇ ಮೊದಲು. ಅಕ್ಷತಾ ಗಂಡನ ಕಡೆ ನೋಡಿದಳು. ಚಂದ್ರಮೌಳಿ ಕಿಟಕಿಯ ಹತ್ತಿರ ಕೂತು ಕ್ಯಾಮೆರಾದ ಲೆನ್ಸ್ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದ.

"ಯಾರೋ ಹೇಳಿದ್ರು ಬುಡಿ," ಎಂದಳು ಅಕ್ಷತಾ.

"ದೊಡ್ಡ ಕಾರ್ಡ್ ಹಿಡ್ಸಲ್ಲ, ಅದು ನಿಜ. ಕಂಪನಿಯಿಂದ್ಲೇ ಜೋಡಿಸಿ ಬಂದಿರೋ ಡಬ್ಬ ಇದು, ಒಳಗೆ ಜಾಗಾನೂ ಕಮ್ಮಿ, ಪವರ್ರೂ ಕಮ್ಮಿ. ಆದ್ರೆ ಗಿಡ್ಡ ಗ್ರಾಫಿಕ್ಸ್ ಕಾರ್ಡ್ ಅಂತ ಬರುತ್ತೆ, ವಿಡಿಯೋ ಕೆಲ್ಸದ ಭಾರ ಅದೇ ಹೊತ್ಕೊಳುತ್ತೆ. ಸ್ಲಾಟಿಂದ್ಲೇ ಕರೆಂಟ್ ತಗೊಳುತ್ತೆ, ಬೇರೆ ವೈರ್ ಬೇಡ. ಕಾರ್ಡಿನ ಬೆನ್ನಿಗೆ ಒಂದು ಉದ್ದದ ತಗಡಿನ ಪಟ್ಟಿ ಕೂರ್ಸಿರ್ತಾರೆ, ಅದನ್ನ ಬಿಚ್ಚಿ ಗಿಡ್ಡ ಪಟ್ಟಿ ಹಾಕ್ಬೇಕು, ಅಷ್ಟೆ. ಆ ಪಟ್ಟೀನೂ ಪೆಟ್ಟಿಗೇಲೇ ಬರುತ್ತೆ. ಶುಕ್ರವಾರಕ್ಕೆ ತರಿಸಿಕೊಡ್ತೀನಿ."

ಮಹೇಂದ್ರ ಹೋದ ಮೇಲೆ ಅಕ್ಷತಾ ಏನಾದರೂ ಕೇಳಬಹುದೆಂದು ಚಂದ್ರಮೌಳಿ ಕಾದ. ಅವಳು ಒಗ್ಗರಣೆಗೆ ಇಟ್ಟು ಬಂದಿದ್ದ ಒಲೆಯ ಕಡೆ ಹೋದಳು.

ಕಾರ್ಡ್ ಹಾಕಕ್ಕಾಗಲ್ಲ ಎಂದು ಹೇಳಿದ್ದವನು ಚಂದ್ರಮೌಳಿಯೇ. ಹೋದ ವರ್ಷ ಅವಳು ಕೇಳಿದಾಗ, "ಈ ಡಬ್ಬಕ್ಕೆ ಏನೂ ಹಾಕಕ್ಕಾಗಲ್ಲ ಕಣೇ, ಹಾಕಿದ್ರೆ ಮದರ್‌ಬೋರ್ಡ್ ಸುಟ್ಟೋಗುತ್ತೆ, ವಿಚಾರಿಸಿದೀನಿ," ಎಂದಿದ್ದ. ಯಾರನ್ನೂ ವಿಚಾರಿಸಿರಲಿಲ್ಲ. ಗಿಡ್ಡ ಕಾರ್ಡಿನ ವಿಷಯ ಅವನಿಗೆ ಆಗಲೇ ಗೊತ್ತಿತ್ತು.

ಮದುವೆಯ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವ ಕೆಲಸವನ್ನು ಅಕ್ಷತಾಗೆ ಕಲಿಸಿದ್ದೂ ಅವನೇ. ಮೌಸ್ ಹಿಡಿದ ಅವಳ ಕೈ ಮೇಲೆ ತನ್ನ ಕೈಯಿಟ್ಟು, ಇಲ್ಲಿ ಕತ್ತರಿಸು, ಇಲ್ಲಿ ಸೇರಿಸು ಎಂದು ತೋರಿಸಿದ್ದ. ಶೂಟಿಂಗ್ ಮುಗಿಸಿ ದಣಿದು ಬಂದವನಿಗೆ ಅರ್ಧ ಭಾರ ಇಳಿದಂತಾಗಿತ್ತು. ಎರಡು ವರ್ಷ ಅದು ಸುಖವಾಗಿಯೇ ಇತ್ತು. ಆಮೇಲೆ ಇಲವಾಲದ ಒಂದು ಛತ್ರದಲ್ಲಿ, ಧಾರೆಯ ಹೊತ್ತಿಗೆ ಅವನು ಸ್ಟೂಲು ಹತ್ತಿ ಕ್ಯಾಮೆರಾ ಹಿಡಿದಿದ್ದಾಗ, ಹುಡುಗಿಯ ಸೋದರತ್ತೆ ಕೆಳಗಿನಿಂದ ಕೂಗಿ ಕೇಳಿದ್ದಳು, "ನೀವು ಅಕ್ಷತಾ ಅವರ ಯಜಮಾನ್ರಲ್ವಾ? ಅವರು ಮಾಡಿದ್ದ ನಮ್ಮಕ್ಕನ ಮಗಳ ಮದುವೆ ವಿಡಿಯೋ ನೋಡಿ ಎಲ್ಲರೂ ಅತ್ಬುಟ್ರು ಕಣ್ರೀ." ಆ ಮದುವೆಯನ್ನು ಬೆಳಗಿನ ನಾಲ್ಕರಿಂದ ನಿಂತು ಶೂಟ್ ಮಾಡಿದ್ದವನು ತಾನು ಎಂದು ಹೇಳಲು ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ವಾಲಗದವರು ಜೋರಾಗಿ ಬಾರಿಸಿದರು.

ಅಂದಿನಿಂದ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಾಗ ಅವನಿಗೆ ಆ ಕೋಣೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ, ಹೊರಗೂ ಇರಲಾಗುತ್ತಿರಲಿಲ್ಲ. ಯಂತ್ರ ಮಧ್ಯದಲ್ಲಿ ನಿಂತುಹೋಗಿ ಅವಳು "ಅಯ್ಯೋ ಶಿವನೇ" ಎಂದು ತಲೆ ಹಿಡಿದುಕೊಂಡಾಗ ಅವನ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಅದು ಸಮಾಧಾನವೆಂದು ತಿಳಿದು ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತಿತ್ತು. ಆದರೂ ಮುಂದಿನ ಸಲ ಹಾಗೆಯೇ ಆಗುತ್ತಿತ್ತು.

ಈ ಸಲದ್ದು ಮದುವೆಯಲ್ಲ. ಅವರು ನಡೆದುಕೊಳ್ಳುವ ಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಎಪ್ಪತ್ತೈದು ವರ್ಷ ತುಂಬಿತ್ತು. ಅಲ್ಲಿ ಉಂಡು ಓದಿದವರ ನೆನಪುಗಳ ಚಿತ್ರವೊಂದನ್ನು ಭಾನುವಾರದ ಸಮಾರಂಭದಲ್ಲಿ ತೋರಿಸಬೇಕಿತ್ತು. ಮೂರು ತಿಂಗಳು ತಿರುಗಿ ಶೂಟ್ ಮಾಡಿದವನು ಚಂದ್ರಮೌಳಿ. ಆದರೆ ಮಠದ ವ್ಯವಸ್ಥಾಪಕರಾದ ಸದಾಶಿವಯ್ಯನವರು ಫೋನ್ ಮಾಡಿದಾಗಲೆಲ್ಲ, "ಅಕ್ಷತಮ್ಮ ಇದ್ದಾರಾ? ಅವರಿಗೇ ಕೊಡಪ್ಪ, ಚಿತ್ರದ ವಿಷಯ," ಎನ್ನುತ್ತಿದ್ದರು. ನಲವತ್ತು ನಿಮಿಷದ ಚಿತ್ರವನ್ನು ಒಂದೇ ಫೈಲಾಗಿ ಹೊರತೆಗೆಯಲು ಹೋದರೆ ಹಳೆಯ ಯಂತ್ರ ಒಂಬತ್ತು ಗಂಟೆ ಒದ್ದಾಡಿ, ಕೊನೆಗೆ ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತಿತ್ತು. ಮೂರನೆಯ ಸಲ ಹಾಗಾದಾಗ ಅಕ್ಷತಾ ಗಂಡನನ್ನು ಕೇಳದೆ ತಾನೇ ಮಹೇಂದ್ರನನ್ನು ಕರೆಸಿದ್ದಳು.

ಶುಕ್ರವಾರ ಹನ್ನೊಂದು ಗಂಟೆಗೆ ಪಾರ್ಸೆಲ್ ಬಂದಾಗ ಅಕ್ಷತಾ ಮಠಕ್ಕೆ ಹೋಗಿದ್ದಳು. ಚಂದ್ರಮೌಳಿ ಸಹಿ ಹಾಕಿ ತೆಗೆದುಕೊಂಡ. ಬರಿದೆ ನೋಡೋಣವೆಂದು ಅಂಟು ಬಿಡಿಸಿದ. ಅಂಗೈಗಿಂತ ಸ್ವಲ್ಪ ಉದ್ದದ ಕಾರ್ಡು, ಅದರ ಮೇಲೊಂದು ಪುಟ್ಟ ಫ್ಯಾನು. ಹೋಳಿಗೆ ತಟ್ಟುವ ಮಣೆಯಷ್ಟೂ ಇಲ್ಲ, ಇದರಿಂದ ಅವಳಿಗೆ ಏನಾಗಬಹುದೆನಿಸಿತು. ಪೆಟ್ಟಿಗೆಯ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಗಿಡ್ಡ ಪಟ್ಟಿಯಿತ್ತು. ಬೆರಳುದ್ದದ ತಗಡು.

ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ವಾಪಸ್ಸು ಇಡುವುದೆಂದೇ ಇದ್ದ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಆ ಸದ್ದು ದೂರವಾಗುವಷ್ಟರಲ್ಲಿ ಪಟ್ಟಿ ಅವನ ಕ್ಯಾಮೆರಾ ಬ್ಯಾಗಿನ ಪಕ್ಕದ ಜೇಬಿನಲ್ಲಿತ್ತು, ಜಿಪ್ ಎಳೆದಾಗಿತ್ತು. ಪೆಟ್ಟಿಗೆಯ ಅಂಟನ್ನು ಮೊದಲಿನಂತೆಯೇ ಒತ್ತಿ ಕೂರಿಸಿದ.

ಸಂಜೆ ಮಹೇಂದ್ರ ಪೆಟ್ಟಿಗೆಯನ್ನು ಎರಡು ಸಲ ಬೋರಲು ಹಾಕಿ ಕೊಡವಿದ. "ಛೆ, ಗಿಡ್ಡ ಪಟ್ಟಿ ಇಟ್ಟೇ ಇಲ್ವಲ್ಲ ಮೇಡಂ!" ಹೊರಗೆ ಹೋಗಿ ಮಾರಿದವರಿಗೆ ಫೋನ್ ಮಾಡಿ ಬಂದ. "ಕಳಿಸ್ತಾರಂತೆ. ಮಂಗಳವಾರ ಆಗುತ್ತೆ."

"ನಂಗೆ ಭಾನುವಾರ ಚಿತ್ರ ತೋರಿಸ್ಬೇಕು."

"ಏನ್ ಮಾಡ್ಲಿ ಮೇಡಂ. ಉದ್ದ ಪಟ್ಟಿ ಇಟ್ಕೊಂಡು ಒಳಗೆ ಹೋಗಲ್ಲ."

ಚಂದ್ರಮೌಳಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ಹೋಗ್ಲಿ ಬುಡು ಅಕ್ಷತಾ," ಎಂದ. ದನಿ ತನಗೇ ಹೆಚ್ಚು ಮೃದುವೆನಿಸಿತು. "ಸದಾಶಿವಯ್ಯನೋರಿಗೆ ನಾನೇ ಹೇಳ್ತೀನಿ. ಬರೀ ಫೋಟೋ ತೋರಿಸಿದ್ರಾಯ್ತು."

ಅಕ್ಷತಾ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಾರ್ಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಪಟ್ಟಿನೇ ಇಲ್ದಿದ್ರೆ ಕಾರ್ಡ್ ಓಡಲ್ವಾ?"

"ಓಡುತ್ತೆ. ನಿಲ್ಲಲ್ಲ. ವೈರಿನ ಭಾರಕ್ಕೆ ಜೋತುಬಿದ್ದು ಸ್ಲಾಟ್ ಹಾಳಾಗುತ್ತೆ."

"ಡಬ್ಬಾನ ಮಲಗಿಸ್ಬುಟ್ರೆ?"

ಮಹೇಂದ್ರ ಅವಳನ್ನು ನೋಡಿದ, ಆಮೇಲೆ ಡಬ್ಬವನ್ನು ನೋಡಿದ. "ಮಲಗಿಸಿದ್ರೆ ಕಾರ್ಡ್ ನೆಟ್ಟಗೆ ನಿಂತ್ಕೊಳುತ್ತೆ," ಎಂದು ನಕ್ಕ. "ಮುಚ್ಚಳ ತೆಗೆದೇ ಇರ್ಬೇಕು, ಯಾರೂ ಮುಟ್ಬಾರ್ದು. ಸಾರ್, ಒಂಚೂರು ಈ ವೈರ್ ಹಿಡ್ಕೊಳಿ."

ಚಂದ್ರಮೌಳಿ ನೆಲದ ಮೇಲೆ ಮಂಡಿಯೂರಿ ವೈರು ಹಿಡಿದ. ಕಾರ್ಡು ಸ್ಲಾಟಿನಲ್ಲಿ ಟಿಕ್ಕೆಂದು ಕೂತ ಸದ್ದು ಅವನ ಕಿವಿಯ ಪಕ್ಕದಲ್ಲೇ ಆಯಿತು. ಸ್ವಿಚ್ಚು ಹಾಕಿದಾಗ ಪುಟ್ಟ ಫ್ಯಾನು ತಿರುಗಿತು.

ಮಹೇಂದ್ರ ಹೊರಟ ಮೇಲೆ ಅಕ್ಷತಾ ಚಿತ್ರವನ್ನು ಮೊದಲಿನಿಂದ ಓಡಿಸಿದಳು. ಇಷ್ಟು ದಿನ ಮುಗ್ಗರಿಸಿ ಮುಗ್ಗರಿಸಿ ನಿಲ್ಲುತ್ತಿದ್ದ ದೃಶ್ಯಗಳು ಈಗ ನೀರಿನಂತೆ ಹರಿದವು. ಚಂದ್ರಮೌಳಿ ಹಿಂದೆ ನಿಂತು ನೋಡಿದ. ಎಲ್ಲವೂ ಅವನು ತೆಗೆದದ್ದೇ. ಇದು ನನ್ನ ಬೆಳಕು, ಇದು ನನ್ನ ಚೌಕಟ್ಟು ಎಂದು ಒಂದೊಂದನ್ನೂ ಮನಸ್ಸಿನಲ್ಲಿ ಎಣಿಸಿಕೊಂಡ.

ಪರದೆಯ ಮೇಲೆ ಬೀರಯ್ಯನವರು ಬಂದರು. ನಿವೃತ್ತ ಮೇಷ್ಟ್ರು, ವಿದ್ಯಾರ್ಥಿನಿಲಯದಲ್ಲಿ ಏಳು ವರ್ಷ ಉಂಡವರು. ಹಳೆಯ ಊಟದ ಮನೆಯಲ್ಲಿ ನಿಂತು ಅವರು ಭಾಷಣದ ಧಾಟಿಯಲ್ಲಿ ಹೇಳಿದ ಮಾತುಗಳನ್ನು ಅಕ್ಷತಾ ಬಹುಮಟ್ಟಿಗೆ ತೆಗೆದುಹಾಕಿದ್ದಳು. ಮಾತು ಮುಗಿದ ನಂತರದ್ದನ್ನು ಇಟ್ಟಿದ್ದಳು. ಕ್ಯಾಮೆರಾ ಆಫ್ ಆಗಿದೆಯೆಂದುಕೊಂಡ ಬೀರಯ್ಯನವರು ಪಂಚೆ ಸರಿಮಾಡಿಕೊಂಡರು. ಸುತ್ತ ನೋಡಿದರು. ಗೋಡೆಯ ಪಕ್ಕದಲ್ಲೇ ಒಂದು, ಎರಡು, ಮೂರು ಎಂದು ಬೆರಳು ಮಾಡುತ್ತ ನಡೆದು, ಒಂದು ಜಾಗದಲ್ಲಿ ನಿಂತು, ಕಷ್ಟಪಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮುಂದೆ ತಟ್ಟೆಯಿರಬೇಕಾದ ಜಾಗವನ್ನು ಅಂಗೈಯಿಂದ ಸವರಿದರು. ಆ ದೃಶ್ಯವನ್ನು ಅಕ್ಷತಾ ಎಲ್ಲಿಯೂ ಕತ್ತರಿಸಿರಲಿಲ್ಲ.

ಚಂದ್ರಮೌಳಿ ಅದನ್ನು ಹಿಂದೆ ನೋಡಿಯೇ ಇರಲಿಲ್ಲ. ಆಗ ಅವನು ಹೊರಗಿನ ಜಗುಲಿಯಲ್ಲಿ ನಿಂತು ಗೆಳೆಯನ ಜೊತೆ ಫೋನಿನಲ್ಲಿ ಹರಟುತ್ತಿದ್ದ. ಕ್ಯಾಮೆರಾ ನಿಲ್ಲಿಸಲು ಮರೆತಿದ್ದ. ಅವನು ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋಗಿ, ಲೋಟ ಹಿಡಿದು ಸುಮ್ಮನೆ ನಿಂತ. ಕಣ್ಣು ಒದ್ದೆಯಾದದ್ದು ಆ ಮುದುಕನಿಗಾಗಿಯೋ, ಅದನ್ನು ಕಂಡವಳು ಅವಳು ಎಂಬ ಉರಿಗೋ ಅವನಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಅವನು ಮುಂದಿನ ಕೋಣೆಗೆ ಬಂದಾಗ ಕಂಪ್ಯೂಟರು ನೆಟ್ಟಗೆ ನಿಂತಿತ್ತು. ಮುಚ್ಚಳ ಹಾಕಿತ್ತು. ಡಬ್ಬದ ಬೆನ್ನಿನಲ್ಲಿ ಗಿಡ್ಡ ಪಟ್ಟಿ ಹೊಳೆಯುತ್ತಿತ್ತು. ಕ್ಯಾಮೆರಾ ಬ್ಯಾಗು ಕುರ್ಚಿಯ ಮೇಲಿತ್ತು, ಅದರ ಪಕ್ಕದ ಜೇಬಿನ ಜಿಪ್ ತೆರೆದಿತ್ತು. ಅಕ್ಷತಾ ಪೆನ್‌ಡ್ರೈವನ್ನು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು.

"ಚಿತ್ರ ಹೊರಗೆ ಬಂತಾ?" ಎಂದು ಕೇಳಿದ.

"ಮುಕ್ಕಾಲು ಗಂಟೇಲಿ ಬಂತು." ಅವಳು ಪರ್ಸಿನ ಬಾಯಿ ಮುಚ್ಚಿದಳು. "ಮೆಮೊರಿ ಕಾರ್ಡ್ ಹುಡುಕ್ತಿದ್ದೆ. ಪಟ್ಟಿ ಸಿಕ್ತು."

ಅವನು ಹೋಗಿ ಬ್ಯಾಗಿನ ಜಿಪ್ ಎಳೆದ.

"ಹೋದ್ವರ್ಷ ಮದರ್‌ಬೋರ್ಡ್ ಸುಟ್ಟೋಗುತ್ತೆ ಅಂದ್ರಲ್ಲ, ಅದೂ ಹಿಂಗೇನಾ?"

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು, ಏನಾದರೂ ಹುಡುಕಿ ಎದುರಾಡಬಹುದಿತ್ತು. ಅವಳು ಬರಿದೆ ನೋಡುತ್ತ ನಿಂತಿದ್ದಳು, ಹೊಸಬರ ಮುಖ ನೋಡುವ ಹಾಗೆ.

"ಬೀರಯ್ಯನೋರ ಆ ಶಾಟು," ಎಂದ ಕೊನೆಗೆ, "ನಾನು ತೆಗೆದಿದ್ದಲ್ಲ. ಕ್ಯಾಮೆರಾ ಆಫ್ ಮಾಡೋದು ಮರ್ತಿದ್ದೆ, ಅಷ್ಟೆ."

"ಗೊತ್ತು ಕಣ್ರೀ. ನೀವು ಆಚೆ ಫೋನಲ್ಲಿ ನಗ್ತಿರೋದು ಅದ್ರಲ್ಲಿ ಕೇಳ್ಸುತ್ತೆ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ಅಲ್ಲಿ ಸೌಂಡ್ ತೆಗೆದುಬುಟ್ಟಿದೀನಿ."

ಹೊಸಿಲು ದಾಟಿ ಹೋದಳು. ಸದಾಶಿವಯ್ಯನವರು ಹತ್ತು ಗಂಟೆಗೆ ಕಾಯುತ್ತಿರುತ್ತಾರೆಂದು ಅವನಿಗೆ ಗೊತ್ತಿತ್ತು. ಸ್ಕೂಟರ್ ಶುರುವಾದ ಸದ್ದು ಕೇಳಿಸಿತು. ಅದು ಗೇಟು ದಾಟಿ, ತಿರುವಿನಲ್ಲಿ ಸಣ್ಣಗಾಗುವುದಕ್ಕೆ ಅವನು ಕಾದ. ಸದ್ದು ಅಲ್ಲೇ ಇತ್ತು.

ಬಾಗಿಲಿಗೆ ಬಂದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇಬ್ಬರೂ ಹೊರಟಾಗ ಸ್ಕೂಟರ್ ಓಡಿಸುವವನು ಯಾವಾಗಲೂ ಅವನೇ. ಅಕ್ಷತಾ ಗೇಟಿನಾಚೆ ಹೆಲ್ಮೆಟ್ ಹಾಕಿಕೊಂಡು, ಎರಡೂ ಕಾಲನ್ನು ನೆಲಕ್ಕೆ ಊರಿ, ಹ್ಯಾಂಡಲ್ ಹಿಡಿದು ಕೂತಿದ್ದಳು. ತಿರುಗಿ ನೋಡಲಿಲ್ಲ. ಹಿಂದಿನ ಸೀಟು ಖಾಲಿಯಿತ್ತು. ಅದರ ಕೆಳಗೆ, ಹಿಂದೆ ಕೂರುವವರು ಕಾಲಿಡುವ ಕಡ್ಡಿಗಳನ್ನು ಅವಳು ಎರಡೂ ಕಡೆ ಬಿಡಿಸಿಟ್ಟಿದ್ದಳು.