ಮಡುವಿನದೊಡ್ಡಿಯ ಗೇಜ್ ರೀಡರ್

ತನ್ಮಯಿಗೆ ಸರ್ಕಾರ ಕೊಟ್ಟ ಕೆಲಸ ಹೊಳೆಯನ್ನು ನೋಡುವುದು. ದಿನಕ್ಕೆ ಮೂರು ಸಲ ನೀರಿನಲ್ಲಿ ನೆಟ್ಟ ಅಳತೆಯ ಕಂಬ ನೋಡಿ, ನೀರು ಎಷ್ಟಿದೆ ಎಂದು ಕಚೇರಿಗೆ ಫೋನಿನಲ್ಲಿ ಹೇಳಬೇಕು. ಅನುಕಂಪದ ಆಧಾರದ ಮೇಲೆ ಬಂದ ಕೆಲಸ. ಅವಳ ಗಂಡ ಮಹದೇವ್ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹದಿನಾಲ್ಕು ತಿಂಗಳ ಹಿಂದೆ ಒಂದು ಮಂಗಳವಾರ ಊಟದ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ತೀರಿಕೊಂಡ. ಡಬ್ಬಿ ಮನೆಗೆ ವಾಪಸ್ಸು ಬಂತು.

ಆದೇಶದಲ್ಲಿ ಊರಿನ ಹೆಸರು ಮಡುವಿನದೊಡ್ಡಿ ಎಂದಿತ್ತು. ಸೋಮವಾರದೊಳಗೆ ಹಾಜರಾಗದಿದ್ದರೆ ಕೆಲಸ ಹೋಗುತ್ತದೆ ಎಂದೂ ಇತ್ತು.

ಗೋವಿಂದರಾಜನಗರದ ಮನೆಯಲ್ಲಿ ಇದರ ಬಗ್ಗೆ ನಾಲ್ಕು ದಿನ ಮಾತಾಯಿತು. ತನ್ಮಯಿ ಮಾತ್ರ ಮಾತಾಡಲಿಲ್ಲ. ಮಹದೇವ್ ಹೋದಮೇಲೆ ಅವಳು ಯಾವುದಕ್ಕೂ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಅವಳ ಪರವಾಗಿ ಹೂಂ, ಊಹೂಂಗಳನ್ನೆಲ್ಲ ಅತ್ತೆ ವೆಂಕಟಲಕ್ಷ್ಮಮ್ಮನವರೇ ನೋಡಿಕೊಳ್ಳುತ್ತಿದ್ದರು.

"ಎಮ್ಮೆಸ್ಸಿ ಓದಿರೋಳು ಹೋಗಿ ಕಂಬ ನೋಡ್ಕೊಂಡು ಕೂತ್ಕೋಬೇಕಾ?" ಎಂದ ಮೈದುನ ಭೈರೇಶ್.

"ಅದಲ್ಲ ಕಣೋ," ಎಂದರು ವೆಂಕಟಲಕ್ಷ್ಮಮ್ಮ. "ಗಂಡ ಸತ್ತೋಳ್ನ ಕಾಡಿಗೆ ಕಳಿಸಿದ್ರು ಅಂತಾರೆ ಜನ. ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?"

ಮಾವ ಬೈರಪ್ಪ ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮಾಲು ನೋಡದೆ ಬೇಡ ಎನ್ನುವುದೂ ತಪ್ಪು ಎಂಬುದು ಅವರ ಲೆಕ್ಕ. "ಭಾನುವಾರ ಎಲ್ರೂ ಹೋಗಿ ನೋಡ್ಕೊಂಡು ಬರೋಣ. ನೋಡಿದ್ಮೇಲೆ ಅವಳೇ ಬೇಡ ಅಂತಾಳೆ," ಎಂದರು. ಹಾಗಾಗಿ ಭಾನುವಾರ ಬೆಳಿಗ್ಗೆ, ಚಿತ್ರಾನ್ನ ಕಟ್ಟಿಕೊಂಡು, ನಾಲ್ಕು ಜನ ಕಾರಿನಲ್ಲಿ ಹೊರಟರು.

ಡಾಂಬರು ಮುಗಿಯಿತು. ಆಮೇಲೆ ಜಲ್ಲಿ ಮುಗಿಯಿತು. ಆನೆ ದಾಟುವ ಜಾಗ ಎಂಬ ಬೋರ್ಡು ಬಂತು, ಆ ಬೋರ್ಡನ್ನು ಆನೆಯೇ ಬಗ್ಗಿಸಿತ್ತು. ಕೊನೆಗೆ ಮತ್ತಿ ಮರಗಳ ಮಧ್ಯೆ ರಸ್ತೆ ನೀರಿನ ಹತ್ತಿರ ಹೋಗಿ ಸುಮ್ಮನಾಯಿತು.

ಭೈರೇಶ್ ಕಾರು ನಿಲ್ಲಿಸಿದ. ನಾಲ್ವರೂ ಇಳಿದರು. ಇಳಿದವರೇ, ಹೊಳೆ ಕಂಡ ತಕ್ಷಣ, ನಾಲ್ವರೂ ಮೂಗು ಮುಚ್ಚಿಕೊಂಡರು. ಹೆಂಗಸರು ಸೆರಗಿನಿಂದ, ಗಂಡಸರು ಕರ್ಚೀಫಿನಿಂದ.

ಯಾರೂ ಯೋಚಿಸಿ ಮಾಡಿದ್ದಲ್ಲ. ತನ್ಮಯಿ ಹುಟ್ಟಿ ಬೆಳೆದದ್ದು ಕೆಂಗೇರಿಯಲ್ಲಿ, ಬೆಂಗಳೂರಿನ ಕೊಳಚೆ ಹೊತ್ತು ನಾರುವ ವೃಷಭಾವತಿಯಿಂದ ಎರಡು ಬೀದಿ ಈಚೆ. ಉಳಿದ ಮೂವರು ಅದರ ಪಕ್ಕದ ಮೈಸೂರು ರಸ್ತೆಯಲ್ಲಿ ಓಡಾಡಿಯೇ ವಯಸ್ಸಾದವರು. ಹೊಳೆ ಎಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ. ಅದು ಕಂಡರೆ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು.

ದಡದಲ್ಲಿ ತೆಪ್ಪ ಮಗುಚಿ ಹಾಕಿಕೊಂಡು ಕೂತಿದ್ದ ಮರಿಯಪ್ಪ ಎದ್ದು ನಿಂತರು. ಮುಖ ಮುಚ್ಚಿಕೊಂಡಿರುವ ಸಂಸಾರ, ನಡುವೆ ಬೋಳು ಹಣೆಯ ಹುಡುಗಿ. ಊರಿನಿಂದ ಕಾರಿನಲ್ಲಿ ಈ ದಡಕ್ಕೆ ಬರುವವರು ಬರುವುದು ಒಂದೇ ಕೆಲಸಕ್ಕೆ. ಅವರು ತಲೆಗೆ ಸುತ್ತಿದ್ದ ಟವೆಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

"ಬೂದಿ ಬುಡಕ್ಕೆ ಬಂದ್ರಾ ಸಾಮಿ? ಕುಡಿಕೆ ತಕ್ಕಂಬನ್ನಿ, ನಡುಮಡುವಿಗೆ ಕರ್ಕಂಡೋಯ್ತೀನಿ."

ಬೈರಪ್ಪ ಕರ್ಚೀಫು ಇಳಿಸಿದರು. "ಬೂದಿ ಬಿಟ್ಟಾಯ್ತು. ಒಂದು ವರ್ಷದ ಮೇಲಾಯ್ತು."

"ಮತ್ತೆ ಈಗ್ಯಾಕೆ ಅಳ್ತಾ ಅವ್ರೆ?"

"ಅಳ್ತಿಲ್ಲ. ಮೂಗು ಮುಚ್ಕೊಂಡಿರೋದು."

ಮರಿಯಪ್ಪ ಹೊಳೆ ನೋಡಿದರು, ಇವರನ್ನು ನೋಡಿದರು. "ಯಾಕೆ?"

ಭೈರೇಶ್ ಕರ್ಚೀಫು ಜೇಬಿಗೆ ಹಾಕಿಕೊಂಡ. ತನ್ಮಯಿಯ ಸೆರಗಿನ ಹಿಂದಿನಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡು ವೆಂಕಟಲಕ್ಷ್ಮಮ್ಮ ನೀರಿನ ಬಾಟಲಿ ಕೊಟ್ಟರು.

ವಿಷಯ ತಿಳಿದ ಮೇಲೆ ಮರಿಯಪ್ಪ ತೆಪ್ಪ ನೀರಿಗೆ ಇಳಿಸಿ, ಆಚೆ ದಡದ ಊರಿಗೆ ಎಲ್ಲರನ್ನೂ ಹತ್ತಿಸಿಕೊಂಡರು. ತೆಪ್ಪ ಒಂದು ಸುತ್ತು ತಿರುಗಿತು. ಅತ್ತೆ ಮಂಜುನಾಥ, ಮಾದಪ್ಪ ಎಂದು ದೇವರ ಹೆಸರುಗಳನ್ನು ಹೇಳಿದರು. ಭೈರೇಶ್, ಅತ್ತಿಗೆಗೆ ಕೇಳಿಸಲಿ ಎಂದೇ, ಪ್ರಶ್ನೆ ಶುರು ಮಾಡಿದ.

"ಅಣ್ಣ, ಇಲ್ಲಿಗೆ ಡಾಕ್ಟರು ಬರ್ತಾರಾ?"

"ಬತ್ತರೆ."

"ಯಾವಾಗ?"

"ನಾವು ಹೋಗಿ ಕರ್ಕಂಬಂದಾಗ."

"ಕರೆಂಟು?"

"ಐತೆ. ಕಂಬ ಐತೆ, ತಂತಿ ಐತೆ."

"ಬಸ್ಸು?"

"ಈ ದಡಕ್ಕೆ ಬತ್ತದೆ. ಆನೆ ಇದ್ರೆ ಬರಲ್ಲ."

ಭೈರೇಶನಿಗೆ ತೃಪ್ತಿಯಾಗುತ್ತಿತ್ತು. "ಮುಂದಕ್ಕಾದ್ರೂ ಏನಾದ್ರೂ ಆಗುತ್ತಾ? ಸೇತುವೆ ಗೀತುವೆ?"

"ಅದು ಆಯ್ತು ಅಂತ್ಲೇ ತಿಳ್ಕಳಿ. ಎರಡು ಕಲ್ಲು ಬಂದವೆ."

ಕಲ್ಲುಗಳು ಆಚೆ ದಡದಲ್ಲಿದ್ದವು. ಎರಡು ಸರ್ಕಾರ, ಎರಡು ಶಂಕುಸ್ಥಾಪನೆ. ಒಂದು ಕಲ್ಲು ನೆಟ್ಟಗೆ ನಿಂತಿತ್ತು. ಇನ್ನೊಂದು ನೀರಿನ ಅಂಚಿಗೆ ಬಿದ್ದಿತ್ತು. ಅದರ ಮೇಲೆ ಪಟಾಲಮ್ಮ ಎಂಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅಕ್ಷರಗಳು ಸವೆದು, ಮಾನ್ಯ ಎನ್ನುವುದೊಂದು ಉಳಿದಿತ್ತು.

ಅದರಿಂದ ಹತ್ತು ಹೆಜ್ಜೆಗೆ ಕಪ್ಪು ಬಿಳಿ ಗೆರೆಯ ಕಂಬ ನೀರಿನಲ್ಲಿ ನಿಂತಿತ್ತು. ಹಳೆಯ ಗೇಜ್ ರೀಡರ್ ನಿವೃತ್ತನಾದ ಮೇಲೆ ಎರಡು ವರ್ಷದಿಂದ ಮರಿಯಪ್ಪನವರೇ ನೋಡುತ್ತಿದ್ದರು. ಅವರಿಗೆ ಓದಲು ಬಾರದು.

"ಮತ್ತೆ ಹೆಂಗ್ರೀ ಹೇಳ್ತೀರ?" ಎಂದರು ಬೈರಪ್ಪ.

"ಪಟಾಲಮ್ಮನ ಕಲ್ಲು ಕಾಣ್ತದೆ ಅಂತೀನಿ, ಅರ್ಧ ಕಾಣ್ತದೆ ಅಂತೀನಿ, ಮುಳುಗೋಯ್ತು ಅಂತೀನಿ. ಆಪೀಸ್ನೋರು ನಂಬರ್ ಬರ್ಕತಾರೆ."

"ಕಲ್ಲು ಹೋದ ಮಳೆಗಾಲ್ದಾಗೆ ಜರುಗ್ತಲ್ಲ," ಎಂದಳು ಪಟಾಲಮ್ಮ, ಒಗೆಯುವುದನ್ನು ನಿಲ್ಲಿಸದೆ. "ಹೇಳಿದ್ಯಾ?"

"ಇಲ್ಲ."

"ನಿನ್ನ ಬಾಯಿಗೆ ಮಣ್ಣಾಕ. ಮತ್ತೆ ವರ್ಷದಿಂದ ಎಲ್ಲಾ ಸುಳ್ಳು ಲೆಕ್ಕವೇ? ಅಣೆಕಟ್ಟೆ ನೀರು ಬುಟ್ರೆ, ಈ ಲೆಕ್ಕ ನೋಡ್ಕಂಡು ತಾನೆ ಆಪೀಸ್ನೋರು ನಮ್ಗೆ ಹೇಳೋದು?"

ಮರಿಯಪ್ಪ ಇದನ್ನು ಈಗಷ್ಟೇ ಯೋಚಿಸುತ್ತಿರುವಂತೆ ಕಂಡಿತು.

ತನ್ಮಯಿ ಚಪ್ಪಲಿ ಬಿಟ್ಟಳು. ಸೀರೆ ಸ್ವಲ್ಪ ಎತ್ತಿಕೊಂಡು ನೀರಿಗೆ ಇಳಿದಳು. ವೆಂಕಟಲಕ್ಷ್ಮಮ್ಮ "ಏಯ್, ಎಲ್ಲಿಗೆ? ಭೈರೇಶ, ಹಿಡ್ಕೊಳೋ!" ಎಂದು ಕೂಗಿದರು. ಗಂಡ ಸತ್ತ ಹುಡುಗಿ ನೀರಿಗೆ ಇಳಿದರೆ ಮನೆಯವರಿಗೆ ಬರುವ ಯೋಚನೆಯೇ ಅವರಿಗೂ ಬಂದಿತ್ತು. ಭೈರೇಶ್ ಶೂ ಬಿಚ್ಚಲೋ ಬೇಡವೋ ಎಂದು ನೋಡುತ್ತಿದ್ದ. ನೀರು ಮೊಣಕಾಲಿಗೆ ಬಂದಾಗ ಅವಳು ನಿಂತು, ಕಂಬಕ್ಕೆ ಹತ್ತಿದ್ದ ಪಾಚಿಯನ್ನು ಅಂಗೈಯಿಂದ ಒರೆಸಿ, ಬಗ್ಗಿ ನೋಡಿದಳು.

"ಒಂದು ಪಾಯಿಂಟ್ ನಾಲ್ಕು ಎರಡು," ಎಂದಳು.

ಅತ್ತೆ ಮಾವ ಮುಖ ಮುಖ ನೋಡಿಕೊಂಡರು. ಇಷ್ಟು ಉದ್ದದ ಮಾತನ್ನು ಅವರು ಬಹಳ ದಿನದಿಂದ ಕೇಳಿರಲಿಲ್ಲ.

ಹನ್ನೆರಡು ಗಂಟೆಯಾಗಿತ್ತು, ಫೋನು ಮಾಡುವ ಹೊತ್ತು. ಸಿಗ್ನಲ್ ಸಿಗುತ್ತಿದ್ದದ್ದು ನೆಟ್ಟಗೆ ನಿಂತ ಶಂಕುಸ್ಥಾಪನೆ ಕಲ್ಲಿನ ಪಕ್ಕದಲ್ಲಿ ಮಾತ್ರ. ಮರಿಯಪ್ಪ ಅಲ್ಲಿಗೆ ಹೋಗಿ, ನಂಬರು ಒತ್ತಿ, "ಒಂದು ಪಾಯಿಂಟು ನಾಕು ಎಲ್ಡು" ಎಂದರು. ಆ ಕಡೆಯವರು ಗಾಬರಿಯಾದಂತಿತ್ತು. ಮರಿಯಪ್ಪ ಎರಡು ಸಲ "ಹೂಂ ಸಾರ್, ನಂಬರೇ" ಎಂದು, ಫೋನನ್ನು ತನ್ಮಯಿಗೆ ಚಾಚಿದರು.

"ಯಾರು ನೋಡಿದ್ದು ಅಂತ ಕೇಳ್ತಾವ್ರೆ."

"ಊರು ನೋಡಕ್ಕೆ ಬಂದೋರು ಯಾರೋ ಸುಮ್ನೆ ನೋಡಿದ್ರು ಅನ್ನು," ಎಂದು ಬೈರಪ್ಪ ದೂರದಿಂದಲೇ ಹೇಳಿಕೊಟ್ಟರು. "ಜಾಸ್ತಿ ಮಾತಾಡ್ಬೇಡ."

ತನ್ಮಯಿ ಫೋನು ತೆಗೆದುಕೊಂಡಳು. ಕಾಲಿನಿಂದ ನೀರು ಇಳಿಯುತ್ತಿತ್ತು. ಮಾವನನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ತನ್ಮಯಿ," ಎಂದಳು. "ಗೇಜ್ ರೀಡರ್. ನಾಳೆಯಿಂದ ನಾನೇ ಹೇಳ್ತೀನಿ ಸಾರ್. ಹಿಂದಿನ ಒಂದು ವರ್ಷದ್ದು ನಂಬಬೇಡಿ."

ಫೋನು ವಾಪಸ್ಸು ಕೊಟ್ಟಳು.

ಬೈರಪ್ಪ ಏನೋ ಹೇಳಲು ಹೊರಟು, ಹಸಿವಾಗುತ್ತಿದೆ ಎಂದರು. ಮತ್ತಿ ಮರದ ಕೆಳಗೆ ಕೂತು ಎಲ್ಲರೂ ಚಿತ್ರಾನ್ನ ತಿಂದರು. ಪಟಾಲಮ್ಮನಿಗೂ ಕೊಟ್ಟರು. ಅವಳು ಉಪ್ಪು ಕಡಿಮೆ ಎಂದಳು. ಗೋವಿಂದರಾಜನಗರದಲ್ಲಿ ತನ್ಮಯಿಯನ್ನು ಕಂಡವರೆಲ್ಲ ಮೊದಲು ಲೊಚಗುಟ್ಟುತ್ತಿದ್ದರು. ಪಟಾಲಮ್ಮ ಲೊಚಗುಟ್ಟಲಿಲ್ಲ. ಗೇಜ್ ರೀಡರಿಗೆ ಕೊಡುವ ಕ್ವಾರ್ಟರ್ಸಿನ ಹೆಂಚು ಎಲ್ಲಿ ಸೋರುತ್ತದೆ ಎಂದು ಹೇಳಿ, ಹೊಳೆಯಲ್ಲಿ ಯಾವ ಕಲ್ಲಿನ ಮೇಲೆ ಬಟ್ಟೆ ಒಗೆಯಬಾರದು ಎಂದೂ ಹೇಳಿದಳು. ಅದು ಅವಳ ಕಲ್ಲು.

ವಾಪಸ್ಸು ಬರುವಾಗ, ಬಿಡದಿ ದಾಟಿದ ಮೇಲೆ ವೆಂಕಟಲಕ್ಷ್ಮಮ್ಮ ಕಿಟಕಿಯ ಕಡೆ ನೋಡುತ್ತ, "ದೊಡ್ಡ ಕುಕ್ಕರ್ ಬೇಡ," ಎಂದರು. "ಚಿಕ್ಕದು ತಗೊಂಡೋಗು. ಒಬ್ಬಳಿಗೆ ಸಾಕು."

"ಹೂಂ," ಎಂದಳು ತನ್ಮಯಿ.

"ಜನ ಕೇಳಿದ್ರೆ ಏನನ್ನೋಣ?" ಎಂದ ಭೈರೇಶ್.

"ಗೌರ್ಮೆಂಟ್ ಕೆಲ್ಸ ಅನ್ನು," ಎಂದರು ಬೈರಪ್ಪ. "ಪೂರ್ತಿ ಹೇಳಕ್ಕೆ ಹೋಗ್ಬೇಡ."

ಕೆಂಗೇರಿ ಬಂತು. ಕಿಟಕಿಗಳು ಮೇಲೇರಿದವು. ನಾಲ್ವರೂ ಮೂಗು ಮುಚ್ಚಿಕೊಂಡರು. ಈ ಸಲ ಕಾರಣವಿತ್ತು.