ಅಣ್ಣನ ಸರದಿ

ಅಂಗಡಿಯವನು ನನ್ನನ್ನು ತಲೆಕೆಟ್ಟವಳು ಅಂದುಕೊಂಡಿದ್ದರೆ ಅದರಲ್ಲಿ ಅವನ ತಪ್ಪೇನೂ ಇಲ್ಲ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್‌ಗಳನ್ನು ಅವನು ಒಂದೊಂದಾಗಿ ಮೇಜಿನ ಮೇಲಿಡುತ್ತಿದ್ದ. ನಾನು ಆನ್ ಮಾಡಿ, ಕೈಕಟ್ಟಿಕೊಂಡು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು. "ಇದು ಬೇಡ, ಬೇರೆ ತೋರಿಸಿ" ಅನ್ನುತ್ತಿದ್ದೆ.

"ಅಮ್ಮಾ, ಬಟನ್ ಒತ್ತದೆ ಹೆಂಗೆ ಗೊತ್ತಾಗುತ್ತೆ? ಆಡಿ ನೋಡಿ."

"ಆಡೋಳು ನಾನಲ್ಲ."

ನನ್ನ ಬಾಯಿ ಒರಟು. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ನನ್ನ ಮಾತೂ ಕಾದಿರುತ್ತದೆ ಎಂದು ಗಂಡ ರೇಗಿಸುವುದುಂಟು. ಬೆಳಿಗ್ಗೆ ಹೊರಡುವಾಗ ಅವರು, "ಅಗ್ಗದ್ದು ಯಾವುದಾದ್ರೂ ತಗೊಂಡು ಬಾ, ಮಗುಗೆ ಹೊತ್ತು ಹೋದ್ರೆ ಸಾಕು" ಎಂದಿದ್ದರು. ನಾನು ನಿಜಕ್ಕೂ ಹುಡುಕುತ್ತಿದ್ದುದು ಏನೆಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ? ಮಗಳು ನನ್ನ ಚೀಲದ ಪಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಮಕ್ಕಳಿಬ್ಬರಿಗೂ ಸೇರಿ ನಮ್ಮ ಮನೆಯಲ್ಲಿದ್ದದ್ದು ಒಂದೇ ಗೇಮ್. ಜಗಳ ಬೇಡವೆಂದು ನಾನೇ ನಿಯಮ ಮಾಡಿದ್ದೆ: ಆಟದಲ್ಲಿ ಸತ್ತವರು ಇನ್ನೊಬ್ಬರ ಕೈಗೆ ಕೊಡಬೇಕು. ಆದರೆ ಅವರು "ಸತ್ತೆ" ಎಂದು ಕೂಗಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅಡುಗೆಮನೆಯಿಂದಲೇ "ಬಿಡ್ತು ಅನ್ನು!" ಎಂದು ಗದರುತ್ತಿದ್ದೆ. ಕೊನೆಕೊನೆಗೆ ಅವರು ಅದನ್ನೂ ಆಟವಾಗಿಸಿಕೊಂಡು, "ಸತ್ತೆ, ಬಿಡ್ತು!" ಎಂದು ಒಂದೇ ಉಸಿರಿಗೆ ಕೂಗಿ ಕೈ ಬದಲಾಯಿಸುತ್ತಿದ್ದರು.

ದೊಡ್ಡವನು ಜ್ವರದಲ್ಲಿ ಹೋಗಿಬಿಟ್ಟ. ಯಾವ ಬಿಡ್ತೂ ಕೆಲಸಕ್ಕೆ ಬರಲಿಲ್ಲ.

ಆಮೇಲೂ ಮಗಳು ನಿಯಮ ಬಿಡಲಿಲ್ಲ. ಆಟದಲ್ಲಿ ಸತ್ತ ಕೂಡಲೇ ಗೇಮ್ ತಂದು ಅಣ್ಣನ ಮಂಚದ ಮೇಲೆ, ದಿಂಬಿನ ಪಕ್ಕ ಇಟ್ಟು ಹೋಗುವಳು. ಸ್ವಲ್ಪ ಹೊತ್ತಿಗೆ ಪರದೆಯೊಳಗಿನ ಪುಟ್ಟ ಮನುಷ್ಯ ತಾನಾಗಿಯೇ ಎದ್ದು ಓಡತೊಡಗುತ್ತಿದ್ದ. ಮಂಚದ ಮೇಲೆ ಯಾರೂ ಇಲ್ಲ, ಹಾಸಿಗೆ ಸುಕ್ಕೂ ಬಿದ್ದಿಲ್ಲ. ಹಳ್ಳದ ಅಂಚಿಗೆ ಬಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಹಾರುತ್ತಿದ್ದ. ನನ್ನ ಮಗ ಆಡುತ್ತಿದ್ದುದೂ ಥೇಟ್ ಹಾಗೆಯೇ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದು, ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು. ಆಮೇಲಾಮೇಲೆ ಆ ಹೊತ್ತಿಗಾಗಿಯೇ ಕಾಯತೊಡಗಿದೆ. ಕೋಣೆಯಿಂದ ಆ ಆಟದ ರಾಗ ಕೇಳಿದರೆ ಸಾಕು, ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಳಗೆ ಮಾತ್ರ ಹೋಗುತ್ತಿರಲಿಲ್ಲ, ಹೋದರೆ ಅವನು ಆಟ ನಿಲ್ಲಿಸಿಬಿಡುತ್ತಾನೇನೋ ಎಂದು.

ಹೋದ ವಾರ ಅದು ಕೆಟ್ಟಿತು. ಚಾರ್ಜೇ ಹಿಡಿಯಲಿಲ್ಲ, ರಿಪೇರಿಯವನೂ ಕೈಚೆಲ್ಲಿದ. ಮಗನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗಾಯಿತು ನನಗೆ.

"ಮುಟ್ಟದೇ ಇದ್ರೂ ತಾನೇ ಆಡೋಂಥದ್ದು ಇದ್ಯಾ?" ಎಂದು ಕೊನೆಗೂ ಅಂಗಡಿಯವನನ್ನು ಕೇಳಿದೆ.

ಅವನು ನಕ್ಕ. "ಓ, ಡೆಮೊನಾ! ಹಳೇದ್ರಲ್ಲಿ ಇರ್ತಿತ್ತು. ಗಿರಾಕಿ ನಿಂತು ನೋಡ್ಲಿ ಅಂತ ಕಂಪನಿಯವರೇ ಹಾಕಿರ್ತಿದ್ರು." ಕೆಳಗಿನ ಖಾನೆಯಿಂದ ಗೀರುಬಿದ್ದ ಒಂದನ್ನು ತೆಗೆದು ಒರೆಸಿ ಇಟ್ಟ. "ಇದಕ್ಕಿಂತ ಅಗ್ಗದ್ದು ಎಲ್ಲೂ ಸಿಗಲ್ಲ ನೋಡಿ."

ಕೈಕಟ್ಟಿ ನಿಂತೆ. ಅದೇ ರಾಗ. ಪುಟ್ಟ ಮನುಷ್ಯ ಎದ್ದು ಓಡಿದ. ಹಳ್ಳ ಬಂತು. ಒಂದು ಹೆಜ್ಜೆ ಹಿಂದೆ ಸರಿದು ಹಾರಿದ. ಇಲ್ಲಿದ್ದೀಯೇನೋ ನನ್ನ ಕೂಸೇ, ಈ ಧೂಳಿನ ಖಾನೆಯಲ್ಲಿ!

"ಇದೇ. ಇದನ್ನೇ ಕೊಡಿ."

"ಇದು ಬೇಡಮ್ಮ," ಎಂದಳು ಮಗಳು.

"ಯಾಕೇ? ನೋಡು, ಅಣ್ಣನ ಹಾಗೇ ಹಾರ್ತಾನೆ."

"ಅಣ್ಣ ಇದನ್ನ ನೋಡಿ ನೋಡಿನೇ ಹಾಗೆ ಹಾರೋದು ಕಲ್ತಿದ್ದು." ಅವಳು ತಲೆ ತಗ್ಗಿಸಿದಳು. "ಅದು ಅಣ್ಣ ಅಲ್ಲ ಅಂತ ನಂಗೊತ್ತಿತ್ತು. ಮೊದಲ್ನೇ ದಿನ ಸುಮ್ನೆ ಇಟ್ಟಿದ್ದೆ. ನೀನು ಬಾಗಿಲಲ್ಲಿ ನಿಂತು ನಗ್ತಿದ್ದೆ. ಅದಕ್ಕೇ ದಿನಾ ಇಟ್ಟೆ. ನಂಗೆ ಭಯ ಆಗ್ತಿತ್ತಮ್ಮ."

ಸತ್ತವನ ಹಿಂದೆ ಬಿದ್ದು, ಬದುಕಿರುವವಳ ಮುಖವನ್ನೇ ನಾನು ನೋಡಿರಲಿಲ್ಲ. ಮೇಜಿನ ಮೇಲೆ ಅದು ಇನ್ನೂ ಆಡುತ್ತಲೇ ಇತ್ತು. ನಾನೇ ಕೈಚಾಚಿ ಆಫ್ ಮಾಡಿದೆ.

"ನಿಂಗ್ಯಾವುದು ಬೇಕು?"

ಮೊದಲೇ ಬೇಡವೆಂದು ಸರಿಸಿದ್ದ ಹಸಿರು ಬಣ್ಣದ್ದನ್ನು ತೋರಿಸಿದಳು. ಹೊಸವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಮುಟ್ಟದಿದ್ದರೆ ತೆಪ್ಪಗೆ ಮಲಗುವಂಥದ್ದು. ಅಲ್ಲೇ ನಿಂತು ಆಡಿದಳು.

"ಸತ್ತೆ, ಬಿಡ್ತು," ಎಂದು ಮೆಲ್ಲಗೆ ಹೇಳಿ, ಅದನ್ನು ಎಲ್ಲಿಡಬೇಕೆಂದು ಸುತ್ತ ನೋಡಿದಳು. ಆಮೇಲೆ ನನ್ನ ಕಡೆ ಚಾಚಿದಳು. "ನಿನ್ನ ಸರದಿ."

ಯಾವ ಬಟನ್ ಯಾವುದಕ್ಕೆಂದೂ ನನಗೆ ತಿಳಿಯದು. ಹೇಗೋ ಓಡಿದೆ. ಎದುರಿಗೆ ಹಳ್ಳ ಬಂತು. ಒಂದು ಹೆಜ್ಜೆ ಹಿಂದೆ ಸರಿಯಲು ಹೋಗಿ ಬಿದ್ದೇಬಿಟ್ಟೆ.

"ಅಯ್ಯೋ, ಸತ್ತೆ," ಎಂದೆ.

ಮಗಳು ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತ್ತು.

"ಬಿಡ್ತು ಅನ್ನಮ್ಮ," ಎಂದಳು. "ಬೇಗ ಅನ್ನು."